ಮರಳಿನಿಂದ ಉಪಗ್ರಹದವರೆಗೆ: ಮೇಷ್ಟ್ರನ್ನು ಕೇಳಿದವರಾರು?

1975ರ ಆಗಸ್ಟ್ ತಿಂಗಳ ಮೊದಲ ದಿನ. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಒಂದು ವಿಚಿತ್ರ ವಸ್ತು ಆಕಾಶಕ್ಕೆ ಮುಖ ಮಾಡಿ ನಿಂತಿತ್ತು. ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ದೊಡ್ಡ ಬೋಗುಣಿ. ಅದರಿಂದ ಇಳಿದ ತಂತಿ ಶಾಲೆಯ ಇಲ್ಲವೇ ಪಂಚಾಯಿತಿ ಕಟ್ಟಡದೊಳಗಿನ ಒಂದು ಪೆಟ್ಟಿಗೆಯನ್ನು ಸೇರುತ್ತಿತ್ತು. ರಾಜಧಾನಿ ಬೆಂಗಳೂರಿಗೇ ಇನ್ನೂ ದೂರದರ್ಶನ ಬಂದಿರದ ಕಾಲ ಅದು. ಅಂಥಾದ್ದರಲ್ಲಿ, ಬಸ್ಸು ಸಹ ಸರಿಯಾಗಿ ಬಾರದ ಊರುಗಳಲ್ಲಿ, ಭೂಮಿಯಿಂದ 36,000 ಕಿಲೋಮೀಟರ್ ಎತ್ತರದಲ್ಲಿದ್ದ ಅಮೆರಿಕದ ಉಪಗ್ರಹವೊಂದು ಕನ್ನಡದಲ್ಲಿ ಮಾತನಾಡತೊಡಗಿತು.

ಈ ಪ್ರಯೋಗದ ಬಗ್ಗೆ ಬರೆದವರೆಲ್ಲ ಉಪಗ್ರಹದ ಬಗ್ಗೆ ಬರೆದಿದ್ದಾರೆ, ವಿಜ್ಞಾನಿಗಳ ಬಗ್ಗೆ ಬರೆದಿದ್ದಾರೆ, ಪೆಟ್ಟಿಗೆಯ ಮುಂದೆ ಬೆರಗಾಗಿ ಕುಳಿತ ಹಳ್ಳಿಗರ ಬಗ್ಗೆಯೂ ಬರೆದಿದ್ದಾರೆ. ಆದರೆ ಬೆಳಗಿನ ಹೊತ್ತು ಆ ಪೆಟ್ಟಿಗೆಯ ಮುಂದೆ ಮಕ್ಕಳನ್ನು ಕೂರಿಸಿ, ಕಾರ್ಯಕ್ರಮ ಮುಗಿದ ಮೇಲೆ 'ಈಗ ಏನು ನೋಡಿದಿರಿ, ಹೇಳಿ' ಎಂದು ಕೇಳಬೇಕಾಗಿದ್ದವರು ಊರಿನ ಮೇಷ್ಟ್ರು. ಅವರಿಗೆ ಈ ಹೊಸ ಸಾಧನವನ್ನು ಬಳಸಲು ಯಾರು ಕಲಿಸಿದರು, ಹೇಗೆ ಕಲಿಸಿದರು, ಆಮೇಲೆ ಏನಾಯಿತು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ಶಾಲೆಗೂ ಯಂತ್ರಕ್ಕೂ ಇರುವ ಸಂಬಂಧದ ಒಂದು ದೀರ್ಘ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ಮದರಾಸಿನ ಮರಳು

ತಂತ್ರಜ್ಞಾನವೆಂದ ಕೂಡಲೆ ನಮಗೆ ಕಂಪ್ಯೂಟರ್ ನೆನಪಾಗುತ್ತದೆ. ಆದರೆ ಕಪ್ಪು ಹಲಗೆಯೂ ಒಂದು ಕಾಲದಲ್ಲಿ ಹೊಸ ತಂತ್ರಜ್ಞಾನವೇ ಆಗಿತ್ತು. ಅದು ಬರುವ ಮುಂಚೆ ನಮ್ಮ ಕೂಲಿಮಠಗಳಲ್ಲಿ ಮಕ್ಕಳು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಕೈ ಕುದುರಿದ ಮೇಲೆ ಕಡತ ಹಿಡಿಯುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಪುಸ್ತಕವೇ ಕಡತ. ಬಳಪದಲ್ಲಿ ಬರೆಯುವುದು, ಬೇಡವಾದಾಗ ಅಳಿಸುವುದು. ಇಂದು ಸರ್ಕಾರಿ ಕಚೇರಿಯ ಫೈಲಿಗೆ ಉಳಿದಿರುವ ಹೆಸರು ಅದರದೇ.

ಮರಳಿನ ಈ ಸರಳ ಸಾಧನ ಒಮ್ಮೆ ಇಡೀ ಜಗತ್ತಿನ ಶಿಕ್ಷಣವನ್ನು ಅಲುಗಾಡಿಸಿತು ಎಂದರೆ ಹಲವರಿಗೆ ಆಶ್ಚರ್ಯವಾದೀತು. ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್ 1787ರಲ್ಲಿ ಮದರಾಸಿಗೆ ಬಂದ. 1789ರಲ್ಲಿ ಎಗ್ಮೋರಿನ ಸೈನಿಕ ಅನಾಥಾಲಯದ ಮೇಲ್ವಿಚಾರಕನಾದ. ಸಮೀಪದ ದೇಶೀ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆದು ಬೇಗ ಬೇಗ ಅಕ್ಷರ ಕಲಿಯುತ್ತಿದ್ದುದನ್ನು ಕಂಡು ಅವನಿಗೆ ಬೆರಗಾಯಿತು. ಕಾಗದವೂ ಬೇಡ, ಶಾಯಿಯೂ ಬೇಡ, ತಪ್ಪಾದರೆ ಕೈಯಾಡಿಸಿದರೆ ಸಾಕು. ತನ್ನ ಶಾಲೆಯ ಉಪಾಧ್ಯಾಯರಿಗೆ ನೀವೂ ಹೀಗೆಯೇ ಕಲಿಸಿ ಎಂದು ಅಪ್ಪಣೆ ಮಾಡಿದ.

ಉಪಾಧ್ಯಾಯರು ಒಪ್ಪಲಿಲ್ಲ. ಅದು ಆಗುವ ಹೋಗುವ ಮಾತಲ್ಲವೆಂದರು.

ಬೆಲ್ ಆಗ ಮಾಡಿದ ಉಪಾಯ ಚರಿತ್ರೆಯಲ್ಲಿ ದಾಖಲಾಗಿದೆ. ಆತ ಉಪಾಧ್ಯಾಯರನ್ನು ಬದಿಗಿಟ್ಟು, ಸಾಮಾನ್ಯ ಸೈನಿಕನೊಬ್ಬನ ಮಗನಾದ ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನ ಕೈಗೆ ಅತಿ ಕಿರಿಯ ತರಗತಿಯನ್ನು ಕೊಟ್ಟುಬಿಟ್ಟ. ಹುಡುಗ ಹೇಳಿದಂತೆ ಮಾಡಿದ. ಪದ್ಧತಿ ಫಲ ಕೊಟ್ಟಿತು. ಹಿರಿಯ ಮಕ್ಕಳಿಂದ ಕಿರಿಯ ಮಕ್ಕಳಿಗೆ ಪಾಠ ಹೇಳಿಸುವ ಕ್ರಮ ಶಾಲೆಯ ತುಂಬ ಹಬ್ಬಿತು. ಸ್ವದೇಶಕ್ಕೆ ಮರಳಿದ ಬೆಲ್ 1797ರಲ್ಲಿ ಈ ಕುರಿತು ಪುಸ್ತಕ ಪ್ರಕಟಿಸಿದ. ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬಾತನೂ ಇಂಥದೇ ಕ್ರಮವನ್ನು ನಡೆಸಿದ. ಒಬ್ಬನೇ ಉಪಾಧ್ಯಾಯನಿಂದ ನೂರಾರು ಮಕ್ಕಳಿಗೆ ಅಗ್ಗವಾಗಿ ಪಾಠ ಹೇಳಿಸುವ ಈ 'ಮದರಾಸು ಪದ್ಧತಿ' ಇಂಗ್ಲೆಂಡಿನಲ್ಲೂ ಹೊರಗೂ ಬಹಳ ಶಾಲೆಗಳಲ್ಲಿ ನಡೆಯಿತು. ನಮ್ಮ ಮಠಗಳಲ್ಲಿ ಹಿರಿಯ ಹುಡುಗರು ಕಿರಿಯರಿಗೆ ಮಗ್ಗಿ ಹೇಳಿಕೊಡುವುದು ಮೊದಲಿನಿಂದಲೂ ಇದ್ದದ್ದೇ. ಅದು ಸಮುದ್ರ ದಾಟಿ 'ವೈಜ್ಞಾನಿಕ ಪದ್ಧತಿ' ಎಂಬ ಬಿರುದು ಪಡೆಯಿತು.

ಇದರಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಸಾಧನ ಎಷ್ಟೇ ಒಳ್ಳೆಯದಾದರೂ ಮೇಷ್ಟ್ರು ಒಪ್ಪದಿದ್ದರೆ ಅದು ತರಗತಿಯ ಹೊಸಿಲು ದಾಟುವುದಿಲ್ಲ ಎಂಬುದು. ಎರಡನೆಯದು ಹೆಚ್ಚು ಕಹಿಯಾದದ್ದು. ಮೇಷ್ಟ್ರು ಒಪ್ಪದಿದ್ದಾಗ, ಏಕೆ ಒಪ್ಪಲಿಲ್ಲವೆಂದು ಕೇಳುವುದಕ್ಕಿಂತ ಅವರನ್ನು ದಾಟಿಹೋಗುವುದು ಆಡಳಿತಕ್ಕೆ ಸುಲಭ. ಹಾಗೆ ದಾಟಿದಾಗ ಖರ್ಚು ಕಡಿಮೆಯಾಗುತ್ತದೆ, ಅಕ್ಷರಾಭ್ಯಾಸವೂ ಆಗುತ್ತದೆ. ಆದರೆ ಅಕ್ಷರಕ್ಕಿಂತ ಮುಂದಿನ ವಿದ್ಯೆ, ಅಂದರೆ ಮಗುವಿನ ಪ್ರಶ್ನೆಗೆ ಉತ್ತರಿಸುವ, ತಪ್ಪಿನ ಮೂಲ ಹುಡುಕುವ ವಿದ್ಯೆ, ಎಂಟು ವರ್ಷದ ಹುಡುಗನಿಂದ ಬರಲಾರದು. ಈ ಆಸೆ ಮತ್ತು ಈ ಮಿತಿ ಎರಡೂ ಮುಂದಿನ ಇನ್ನೂರು ವರ್ಷ ಮತ್ತೆ ಮತ್ತೆ ಕಾಣಿಸಿಕೊಂಡವು.

ಧಾರವಾಡದ ಪತ್ರಿಕೆ

ಮೇಷ್ಟ್ರನ್ನು ದಾಟದೆ ಅವರ ಜೊತೆಗೇ ಹೋಗುವ ದಾರಿಯೂ ಒಂದಿತ್ತು. 19ನೇ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಕನ್ನಡ ಶಾಲೆಗಳನ್ನು ಕಟ್ಟಿ ಬೆಳೆಸಿದ ಡೆಪ್ಯುಟಿ ಚನ್ನಬಸಪ್ಪನವರಿಗೆ ಇದು ಚೆನ್ನಾಗಿ ತಿಳಿದಿತ್ತು. ಶಾಲೆ ತೆರೆದರೆ ಸಾಲದು, ಕನ್ನಡದಲ್ಲಿ ಪಾಠ ಹೇಳಬಲ್ಲ ಉಪಾಧ್ಯಾಯರು ಬೇಕು. ಉಪಾಧ್ಯಾಯರು ಬೇಕಾದರೆ ಅವರನ್ನು ತಯಾರು ಮಾಡುವ ಶಾಲೆ ಬೇಕು. ಧಾರವಾಡದ ಶಿಕ್ಷಕರ ತರಬೇತಿ ಶಾಲೆ ಈ ಕೆಲಸಕ್ಕೆ ಕೇಂದ್ರವಾಯಿತು.

ತರಬೇತಿ ಮುಗಿಸಿ ಹಳ್ಳಿಗೆ ಹೋದ ಉಪಾಧ್ಯಾಯರ ಕೈ ಬಿಡಬಾರದೆಂದು ಧಾರವಾಡದಿಂದ ಅವರಿಗಾಗಿಯೇ 'ಮಠಪತ್ರಿಕೆ' ಹೊರಟಿತು. ಇದೇ ಪರಂಪರೆಯ 'ಶಾಲಾಪತ್ರಿಕೆ'ಯನ್ನು ವೆಂಕಟ ರಂಗೋ ಕಟ್ಟಿಯವರಂಥ ವಿದ್ವಾಂಸರು ನೋಡಿಕೊಂಡರು. ಮುದ್ರಣವೇ ಅಂದಿನ ಹೊಸ ತಂತ್ರಜ್ಞಾನ. ಆ ತಂತ್ರವನ್ನು ಮೊದಲು ಮೇಷ್ಟ್ರ ಅರಿವು ಹೆಚ್ಚಿಸಲು ಬಳಸಿದರು ಎಂಬುದನ್ನು ಗಮನಿಸಬೇಕು. ಇಂದು 'ವೃತ್ತಿನಿರತ ತರಬೇತಿ', 'ನಿರಂತರ ವೃತ್ತಿ ವಿಕಾಸ' ಎಂದು ನಾವು ಉದ್ದುದ್ದ ಹೆಸರಿನಿಂದ ಕರೆಯುವುದರ ಬೀಜ ಇಲ್ಲೇ ಇದೆ.

ಆಕಾಶದಿಂದ ಪಾಠ

ಭಾರತದಲ್ಲಿ ದೂರದರ್ಶನ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. ಎರಡೇ ವರ್ಷದಲ್ಲಿ, 1961ರಲ್ಲಿ, ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ದೆಹಲಿಯ ಶಾಲೆಗಳಿಗೆ ಟಿ.ವಿ. ಪಾಠಗಳು ಆರಂಭವಾದವು. ಸಿನಿಮಾ ಹಾಡು, ಧಾರಾವಾಹಿಗಳ ಕಾಲಕ್ಕೆ ಎಷ್ಟೋ ಮೊದಲು ನಮ್ಮ ಟಿ.ವಿ. ಮೇಷ್ಟ್ರ ವೇಷದಲ್ಲೇ ಕಾಣಿಸಿಕೊಂಡಿತು. ಪ್ರಯೋಗಶಾಲೆ ಇಲ್ಲದ ಶಾಲೆಗಳ ಮಕ್ಕಳಿಗೆ ಪರದೆಯ ಮೇಲಾದರೂ ವಿಜ್ಞಾನದ ಪ್ರಯೋಗ ಕಾಣಲಿ ಎಂಬುದು ಉದ್ದೇಶ.

ದೆಹಲಿಯ ಗೋಪುರ ದೆಹಲಿಗೆ ಮಾತ್ರ. ದೇಶದ ಲಕ್ಷಾಂತರ ಹಳ್ಳಿಗಳಿಗೆ ಗೋಪುರ ಕಟ್ಟುತ್ತ ಹೋದರೆ ದಶಕಗಳೇ ಬೇಕು. ವಿಕ್ರಮ್ ಸಾರಾಭಾಯಿ ಇದಕ್ಕೆ ಬೇರೆಯೇ ಲೆಕ್ಕ ಹಾಕಿದರು. ಉಪಗ್ರಹವೊಂದನ್ನು ಆಕಾಶದಲ್ಲೇ ನಿಲ್ಲಿಸಿದರೆ ಅದೇ ಎಲ್ಲರಿಗೂ ಗೋಪುರ. ದೂರದ, ಹಿಂದುಳಿದ ಹಳ್ಳಿಗೇ ಅದು ಮೊದಲು ತಲುಪಲಿ ಎಂಬುದು ಅವರ ಹಟ. 1969ರಲ್ಲಿ ಭಾರತದ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾ ಸಂಸ್ಥೆಗೂ ಒಪ್ಪಂದವಾಯಿತು. ಅದರ ಫಲವನ್ನು ನೋಡಲು ಸಾರಾಭಾಯಿ ಉಳಿಯಲಿಲ್ಲ, 1971ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ನಿರ್ದೇಶಕರಾಗಿದ್ದ ಯಶಪಾಲ್, ಯೋಜನೆಯ ಹೊಣೆ ಹೊತ್ತ ಇ.ವಿ. ಚಿಟ್ನಿಸ್ ಮೊದಲಾದವರು ಕೆಲಸ ಮುಂದುವರಿಸಿದರು.

ಇದೇ 'ಸೈಟ್', ಅಂದರೆ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ. 1974ರ ಮೇ 30ರಂದು ಹಾರಿದ ಎ.ಟಿ.ಎಸ್-6 ಉಪಗ್ರಹವನ್ನು ಅಮೆರಿಕ ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟಿತು. ಪೂರ್ವ ಆಫ್ರಿಕದ ನೆತ್ತಿಗೆ ಅದನ್ನು ಸರಿಸಿ ತಂದರು. ಅದರ ಮೇಲಿದ್ದ ಒಂಬತ್ತು ಮೀಟರ್ ಅಗಲದ ಕೊಡೆಯಂಥ ಆಂಟೆನಾ ಎಷ್ಟು ಬಲವಾಗಿ ಸಂಕೇತ ಕಳಿಸುತ್ತಿತ್ತೆಂದರೆ, ಕೆಳಗೆ ಹಳ್ಳಿಯಲ್ಲಿ ತಂತಿಬಲೆಯ ಬೋಗುಣಿಯೇ ಅದನ್ನು ಹಿಡಿಯಲು ಸಾಕಾಯಿತು. ಆಂಧ್ರಪ್ರದೇಶ, ಬಿಹಾರ, ಕರ್ನಾಟಕ, ಮಧ್ಯಪ್ರದೇಶ, ಒರಿಸ್ಸಾ ಮತ್ತು ರಾಜಸ್ಥಾನದ 20 ಜಿಲ್ಲೆಗಳಲ್ಲಿ ಸುಮಾರು 2,400 ಹಳ್ಳಿಗಳನ್ನು ಆರಿಸಲಾಯಿತು. ಕರ್ನಾಟಕದ ಪಾಲಿಗೆ ಬಂದವು ಮೇಲೆ ಹೇಳಿದ ಮೂರು ಜಿಲ್ಲೆಗಳು.

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಹಾಡು, ನಾಟಕ. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ. ಈ ತೊಂಬತ್ತು ನಿಮಿಷವನ್ನು ಹಿಂದಿ, ಒರಿಯಾ, ತೆಲುಗು, ಕನ್ನಡ ನಾಲ್ಕೂ ಭಾಷೆಗಳು ಹಂಚಿಕೊಳ್ಳಬೇಕು. ಹಾಗಾಗಿ ಕನ್ನಡದ ಮಕ್ಕಳಿಗೆ ಸಿಕ್ಕಿದ್ದು ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ.

ಈ ಇಪ್ಪತ್ತೆರಡೂವರೆ ನಿಮಿಷದಲ್ಲೇ ಮೇಷ್ಟ್ರ ಕಷ್ಟವೆಲ್ಲ ಅಡಗಿದೆ. ಕಾರ್ಯಕ್ರಮ ಐದರಿಂದ ಹನ್ನೆರಡು ವರ್ಷದ ಮಕ್ಕಳೆಲ್ಲರಿಗೂ ಒಂದೇ. ಒಂದನೆಯ ತರಗತಿಯ ಕೂಸಿಗೂ ಐದನೆಯ ತರಗತಿಯ ಹುಡುಗನಿಗೂ ಒಂದೇ ಚಿತ್ರ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ತೆಲುಗಿನ ಜೊತೆಗೆ ಹೈದರಾಬಾದಿನ ಕೇಂದ್ರದಲ್ಲಿ. ನೋಡುತ್ತಿದ್ದ ಮಕ್ಕಳಾದರೋ 1956ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಎರಡು ಜಿಲ್ಲೆಯವರು, ಮುಂಬಯಿ ಪ್ರಾಂತದಲ್ಲಿದ್ದ ಇನ್ನೊಂದು ಜಿಲ್ಲೆಯವರು. ಪುಸ್ತಕದ ಕನ್ನಡವನ್ನು ಊರಿನ ಕನ್ನಡಕ್ಕೆ ಇಳಿಸಿ ಹೇಳುವವರು ಮೇಷ್ಟ್ರಲ್ಲದೆ ಇನ್ನಾರು? ಪರದೆ ಮಗುವಿನ ಪ್ರಶ್ನೆಯನ್ನು ಕೇಳಿಸಿಕೊಳ್ಳುವುದಿಲ್ಲ. 'ಇನ್ನೊಮ್ಮೆ ಹೇಳಿ' ಎಂದರೆ ನಿಲ್ಲುವುದೂ ಇಲ್ಲ.

ಹನ್ನೆರಡು ದಿನದ ಪಾಠ

'ಸೈಟ್' ರೂಪಿಸಿದವರ ಒಂದು ದೊಡ್ಡ ಗುಣವೆಂದರೆ ಅವರು ಮೇಷ್ಟ್ರನ್ನು ಮರೆಯಲಿಲ್ಲ. ಮಕ್ಕಳಿಗೆ ಶಾಲೆಯ ರಜೆ ಇದ್ದಾಗ ಬೆಳಗಿನ ಪ್ರಸಾರ ಖಾಲಿ ಉಳಿಯುತ್ತದಲ್ಲ? ಆ ಹೊತ್ತನ್ನು ಉಪಾಧ್ಯಾಯರ ತರಬೇತಿಗೆ ಬಳಸಲು ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತಿನ ಶೈಕ್ಷಣಿಕ ತಂತ್ರಜ್ಞಾನ ಕೇಂದ್ರ ಯೋಜನೆ ಹಾಕಿತು. 1975ರ ಅಕ್ಟೋಬರಿನಲ್ಲಿ ಒಮ್ಮೆ, 1976ರ ಬೇಸಿಗೆಯಲ್ಲಿ ಇನ್ನೊಮ್ಮೆ, ತಲಾ ಹನ್ನೆರಡು ದಿನದ ಶಿಬಿರ. ಒಂದೊಂದು ಸಲಕ್ಕೆ ಸುಮಾರು 24,000 ಪ್ರಾಥಮಿಕ ಶಾಲಾ ಶಿಕ್ಷಕರು. ಇಷ್ಟು ಜನಕ್ಕೆ ಏಕಕಾಲದಲ್ಲಿ ಒಂದೇ ಪಾಠ ಮುಟ್ಟಿಸಿದ್ದು ಅದುವರೆಗೆ ನಮ್ಮ ದೇಶದಲ್ಲಿ ನಡೆಯದ ಮಾತು.

ವಿಷಯ ವಿಜ್ಞಾನ ಬೋಧನೆ. ಈ ಶಿಬಿರದ ಸ್ವಾರಸ್ಯವಿರುವುದು ಅದರ ಹೂರಣದಲ್ಲಿ. ಟಿ.ವಿ. ಕಾರ್ಯಕ್ರಮ ಅದರ ಒಂದು ಭಾಗ ಮಾತ್ರ. ಜೊತೆಗೆ ರೇಡಿಯೊ ಪಾಠವಿತ್ತು, ಅಚ್ಚು ಹಾಕಿದ ಕೈಪಿಡಿ ಇತ್ತು, ಕೈಯಾರೆ ಮಾಡಿ ನೋಡುವ ಚಟುವಟಿಕೆಗಳಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಕೇಂದ್ರದಲ್ಲೂ ಚರ್ಚೆ ನಡೆಸಿಕೊಡುವ ಒಬ್ಬ ಮಾರ್ಗದರ್ಶಕರಿದ್ದರು. ಬೆಳಿಗ್ಗೆ ಪರದೆಯ ಮೇಲೆ ಒಂದು ಪ್ರಯೋಗ ನೋಡುವುದು, ಆಮೇಲೆ ಊರಲ್ಲೇ ಸಿಗುವ ಅಗ್ಗದ ಸಾಮಗ್ರಿಯಿಂದ ಅದನ್ನು ತಾವೇ ಮಾಡುವುದು, ಆಗದಿದ್ದರೆ ಏಕೆ ಆಗಲಿಲ್ಲವೆಂದು ಒಟ್ಟಿಗೆ ಕುಳಿತು ಚರ್ಚಿಸುವುದು. ಪರದೆ ಕಿಡಿ ಹೊತ್ತಿಸುತ್ತಿತ್ತು, ಉರಿಸುವ ಕೆಲಸ ಮನುಷ್ಯರದು.

ಪ್ರಯೋಗದ ನಂತರ ನಡೆದ ಮೌಲ್ಯಮಾಪನಗಳ ಸಾರಾಂಶ ಕುತೂಹಲಕಾರಿ. ಟಿ.ವಿ. ಬಂದಿತೆಂದು ಶಾಲೆಗೆ ಸೇರುವ ಮಕ್ಕಳ ಸಂಖ್ಯೆ ಹೆಚ್ಚಲಿಲ್ಲ, ಶಾಲೆ ಬಿಡುವವರು ಕಡಿಮೆಯಾಗಲೂ ಇಲ್ಲ. ಮಗು ಶಾಲೆ ಬಿಡುವುದು ಬೇಸರಕ್ಕಲ್ಲ, ಬಡತನಕ್ಕೆ. ಅದನ್ನು ಪೆಟ್ಟಿಗೆ ಹೇಗೆ ನೀಗೀತು? ಮಕ್ಕಳ ಮಾತುಗಾರಿಕೆ, ಹೊಸದನ್ನು ತಿಳಿಯುವ ಆಸಕ್ತಿ ಮಾತ್ರ ಸುಧಾರಿಸಿದ್ದು ಕಂಡುಬಂತು. ಶಿಕ್ಷಕರ ತರಬೇತಿಯಾದರೋ ಪ್ರಯೋಗದ ಒಳ್ಳೆಯ ಫಲಗಳಲ್ಲಿ ಒಂದೆಂದು ಎಣಿಸಲ್ಪಟ್ಟಿತು. ಜಗತ್ತಿನ ಗಮನ ಸೆಳೆಯಲೆಂದೇ ಬಂದ ಸಾಧನ ಹೆಚ್ಚು ಗಟ್ಟಿಯಾಗಿ ನೆಲೆಯೂರಿದ್ದು, ಯಾರೂ ಹೆಚ್ಚು ಮಾತಾಡದ ಈ ಶಿಬಿರಗಳಲ್ಲಿ.

1976ರ ಜುಲೈ 31ಕ್ಕೆ ವಾಯಿದೆ ಮುಗಿಯಿತು. ಉಪಗ್ರಹವನ್ನು ಅಮೆರಿಕ ಮರಳಿ ಸರಿಸಿಕೊಂಡಿತು. ಗುಲ್ಬರ್ಗದಲ್ಲಿ 1977ರಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂದು ಸುತ್ತಲಿನ ಕೆಲವು ಹಳ್ಳಿಗಳಿಗೆ ಟಿ.ವಿ. ಮುಂದುವರಿಯಿತು. ಅದರ ವ್ಯಾಪ್ತಿಯಿಂದ ಹೊರಗುಳಿದ ಹಳ್ಳಿಗಳ ಬೋಗುಣಿಗಳಿಗೆ ಆಕಾಶದಲ್ಲಿ ಕೇಳಿಸಿಕೊಳ್ಳಲು ಏನೂ ಉಳಿಯಲಿಲ್ಲ. ಆದರೆ ಹನ್ನೆರಡು ದಿನದಲ್ಲಿ ಕಲಿತದ್ದು ಮೇಷ್ಟ್ರ ಬಳಿಯೇ ಉಳಿದಿತ್ತು. ಯಂತ್ರಕ್ಕೂ ತರಬೇತಿಗೂ ಇರುವ ವ್ಯತ್ಯಾಸ ಇದು.

ಮಜ್ಜಿಗೆ ನೀರಾದ ಬಗೆ

ಈ ಪಾಠವನ್ನು ನಾವು ನೆನಪಿಟ್ಟುಕೊಂಡೆವೆ? ಅರ್ಧ ಮಾತ್ರ ಎನ್ನಬೇಕು.

1984-85ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆ ತಂದು, ಮೊದಲಿಗೆ 250 ಶಾಲೆಗಳಿಗೆ ಬ್ರಿಟನ್ನಿನ 'ಬಿ.ಬಿ.ಸಿ. ಮೈಕ್ರೊ' ಕಂಪ್ಯೂಟರುಗಳನ್ನು ಕೊಟ್ಟಿತು. ಆಯ್ದ ಶಿಕ್ಷಕರಿಗೆ ಕಿರು ತರಬೇತಿಯೂ ನಡೆಯಿತು. ಆದರೆ ಒಂದು ಶಾಲೆಗೆ ಬೆರಳೆಣಿಕೆಯ ಯಂತ್ರ, ಪಠ್ಯಕ್ರಮದಲ್ಲಿ ಅದಕ್ಕೆ ಜಾಗವಿಲ್ಲ, ಪರೀಕ್ಷೆಯಲ್ಲಿ ಅದರ ಪ್ರಶ್ನೆಯಿಲ್ಲ. ಪರೀಕ್ಷೆಯಲ್ಲಿ ಬಾರದ್ದಕ್ಕೆ ಶಾಲೆಯಲ್ಲಿ ವೇಳೆ ಎಲ್ಲಿಂದ ಬರಬೇಕು?

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಲ್ಲೇ ದೇಶದ 17 ಲಕ್ಷಕ್ಕೂ ಹೆಚ್ಚು ಶಿಕ್ಷಕರಿಗೆ ಸಾಮೂಹಿಕ ಪುನಶ್ಚೇತನ ಶಿಬಿರಗಳು ನಡೆದವು. ಜಿಲ್ಲೆಗೊಂದು 'ಡಯಟ್', ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಹುಟ್ಟಿಕೊಂಡಿತು. ಇಷ್ಟು ದೊಡ್ಡ ಸಂಖ್ಯೆಯನ್ನು ಮುಟ್ಟಲು ಆರಿಸಿಕೊಂಡದ್ದು ಮೆಟ್ಟಿಲು ಕ್ರಮ. ದೆಹಲಿಯಲ್ಲಿ ಕೆಲವರಿಗೆ ಹೇಳುವುದು, ಅವರು ರಾಜ್ಯಕ್ಕೆ ಬಂದು ಇನ್ನಷ್ಟು ಜನಕ್ಕೆ ಹೇಳುವುದು, ಅವರು ಜಿಲ್ಲೆಗೆ, ಜಿಲ್ಲೆಯವರು ತಾಲ್ಲೂಕಿಗೆ. ಮಜ್ಜಿಗೆಯ ಗಡಿಗೆ ಮನೆಯಿಂದ ಮನೆಗೆ ಹೋಗುವಾಗ ಪ್ರತಿ ಮನೆಯಲ್ಲೂ ಒಂದು ತಂಬಿಗೆ ನೀರು ಬಿದ್ದರೆ ಕೊನೆಯ ಮನೆಗೆ ಸಿಗುವುದೇನು? ಹಳ್ಳಿಯ ಮೇಷ್ಟ್ರಿಗೆ ಸಿಕ್ಕಿದ್ದೂ ಅದೇ. ಅಲ್ಲದೆ ಈ ಕ್ರಮದಲ್ಲಿ ಮಾತು ಮೇಲಿನಿಂದ ಕೆಳಕ್ಕೆ ಹರಿಯುತ್ತದೆಯೇ ಹೊರತು ಕೆಳಗಿನ ಪ್ರಶ್ನೆ ಮೇಲಕ್ಕೆ ಏರುವುದಿಲ್ಲ.

ಇದಕ್ಕೆ ಪರಿಹಾರವಾಗಿ ಬಂದ ಒಂದು ಪ್ರಯೋಗ ಕರ್ನಾಟಕದಲ್ಲೇ ನಡೆಯಿತು. 1996ರ ಜನವರಿಯಲ್ಲಿ ಏಳು ದಿನ, ರಾಜ್ಯದ 20 ಕೇಂದ್ರಗಳಲ್ಲಿ ಸೇರಿದ ಸುಮಾರು 850 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಉಪಗ್ರಹದ ಮೂಲಕ ತರಬೇತಿ ನೀಡಲಾಯಿತು. 'ಸೈಟ್'ಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸ. ಇಲ್ಲಿ ಚಿತ್ರ ಒಂದು ಕಡೆಯಿಂದ ಬಂದರೂ ಮಾತು ಎರಡೂ ಕಡೆಯಿಂದ ಹೋಗುತ್ತಿತ್ತು. ಸ್ಟುಡಿಯೊದಲ್ಲಿದ್ದ ತಜ್ಞರನ್ನು ಜಿಲ್ಲಾ ಕೇಂದ್ರದಲ್ಲಿ ಕುಳಿತ ಶಿಕ್ಷಕರು ದೂರವಾಣಿಯಲ್ಲಿ ನೇರವಾಗಿ ಪ್ರಶ್ನಿಸಬಹುದಾಗಿತ್ತು. ನಡುವಿನ ಮೆಟ್ಟಿಲುಗಳೆಲ್ಲ ಒಂದೇ ಸಲಕ್ಕೆ ಮಾಯ.

ಹೆಗ್ಗಡದೇವನಕೋಟೆಯ ಕಾರ್ಡುಗಳು

ಇದೇ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ವಿದ್ಯುತ್ತಿನ ಹಂಗಿಲ್ಲದ ಇನ್ನೊಂದು ಪ್ರಯೋಗ ನಡೆದಿತ್ತು. 1995ರಲ್ಲಿ ಅಲ್ಲಿನ ಕೆಲವು ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳ ಕಲಿಕಾ ಕಾರ್ಡುಗಳನ್ನು ನೋಡಿ ಬಂದರು. ಯುನಿಸೆಫ್ ನೆರವಾಯಿತು. ನೋಡಿದ್ದನ್ನು ನಕಲು ಮಾಡದೆ, ತಮ್ಮ ಶಾಲೆಗೆ, ತಮ್ಮ ಮಕ್ಕಳ ಮಾತಿಗೆ ಒಗ್ಗುವಂತೆ ಕಾರ್ಡುಗಳನ್ನೂ ಕಲಿಕೆಯ ಏಣಿಯನ್ನೂ ತಾವೇ ರೂಪಿಸಿಕೊಂಡರು. ಒಂದೇ ಕೋಣೆಯಲ್ಲಿ ಹಲವು ತರಗತಿ ನಡೆಸಬೇಕಾದ ಮೇಷ್ಟ್ರಿಗೆ ಪ್ರತಿ ಮಗುವೂ ತನ್ನ ವೇಗದಲ್ಲಿ ಏಣಿ ಏರುವ ಈ ಕ್ರಮ ನಿಜವಾಗಿಯೂ ಉಪಯೋಗಕ್ಕೆ ಬಂತು. ಅದೇ 'ನಲಿ-ಕಲಿ'. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೂ ಬಂತು.

ಶಿಕ್ಷಕರು ತಾವೇ ಕಟ್ಟಿದಾಗ ಇದ್ದ ಉತ್ಸಾಹ, ಆದೇಶವಾಗಿ ಬಂದ ಎಲ್ಲ ಕಡೆಯೂ ಇರಲಿಲ್ಲವೆಂಬುದು ನಿಜ. ಆದರೂ ಒಂದು ಸಾಧನ ತರಗತಿಯಲ್ಲಿ ಬೇರೂರಬೇಕಾದರೆ ಅದು ಮೇಷ್ಟ್ರ ಒಂದು ನಿಜವಾದ ಕಷ್ಟಕ್ಕೆ ಉತ್ತರವಾಗಿರಬೇಕು ಎಂಬುದನ್ನು ನಲಿ-ಕಲಿ ತೋರಿಸಿಕೊಟ್ಟಿತು. ಬೆಲ್‌ನ ಮರಳಿಗೆ ಮದರಾಸಿನ ಉಪಾಧ್ಯಾಯರು ಬೆನ್ನು ತಿರುಗಿಸಿದ್ದೂ, ಹೆಗ್ಗಡದೇವನಕೋಟೆಯ ಶಿಕ್ಷಕರು ಕಾರ್ಡಿಗೆ ಕೈ ಚಾಚಿದ್ದೂ ಮನುಷ್ಯಸ್ವಭಾವದ ಒಂದೇ ನಿಯಮಕ್ಕೆ ಸಾಕ್ಷಿ.

ಎರಡು ನೆರೆಯ ರಾಜ್ಯಗಳು

2001ರಲ್ಲಿ ಕರ್ನಾಟಕ 'ಮಾಹಿತಿ ಸಿಂಧು' ಎಂಬ ಯೋಜನೆಯಡಿ ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತು. ಕಲಿಸುವ ಹೊಣೆಯನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಡಲಾಯಿತು. ಕಂಪ್ಯೂಟರ್ ಹೇಳಿಕೊಡಲು ಹೊರಗಿನಿಂದ ಬೋಧಕರು ಬಂದರು. ಇತ್ತ ಗಣಿತದ ಮೇಷ್ಟ್ರು, ವಿಜ್ಞಾನದ ಮೇಡಂ ತಮ್ಮ ಪಾಡಿಗೆ ತಾವು ಪಾಠ ಮಾಡುತ್ತಿದ್ದರು. ಕಂಪ್ಯೂಟರ್ ಕೋಣೆ ಬೇರೆ, ತರಗತಿ ಬೇರೆ. ಗುತ್ತಿಗೆಯ ಅವಧಿ ಮುಗಿದಾಗ ಬೋಧಕರು ಹೋದರು, ವಿದ್ಯೆಯೂ ಅವರ ಜೊತೆಗೇ ಹೋಯಿತು. ಆಂಡ್ರ್ಯೂ ಬೆಲ್ ಉಪಾಧ್ಯಾಯರನ್ನು ದಾಟಿಹೋದ ಹಾದಿಯಲ್ಲೇ ನಾವೂ ನಡೆದಿದ್ದೆವು.

ಕೇರಳದ 'ಐ.ಟಿ.@ಸ್ಕೂಲ್' ಕೂಡ ಹುಟ್ಟಿದ್ದು 2001ರಲ್ಲೇ. ಆದರೆ ಅಲ್ಲಿ ಹಿಡಿದ ದಾರಿ ಬೇರೆ. ಶಾಲೆಯ ಶಿಕ್ಷಕರನ್ನೇ ಆರಿಸಿ ತರಬೇತುದಾರರನ್ನಾಗಿ ಮಾಡಿ, ಅವರಿಂದ ಉಳಿದ ಶಿಕ್ಷಕರಿಗೆ ಹೇಳಿಸಿದರು. ಯಾರ ಸ್ವಾಮ್ಯಕ್ಕೂ ಸೇರದ, ಹಂಚಿಕೊಳ್ಳಲು ತಿದ್ದಿಕೊಳ್ಳಲು ಅಡ್ಡಿಯಿಲ್ಲದ ಮುಕ್ತ ತಂತ್ರಾಂಶವನ್ನು ಬಳಸಿದರು. ಪರೀಕ್ಷೆಯಲ್ಲೂ ವಿಷಯಕ್ಕೆ ಸ್ಥಾನ ಕೊಟ್ಟರು. 2017ರಲ್ಲಿ ಆ ಯೋಜನೆ 'ಕೈಟ್' ಎಂಬ ಹೆಸರಿನ ಸರ್ಕಾರಿ ಸಂಸ್ಥೆಯಾಗಿ ಗಟ್ಟಿಗೊಂಡಿತು.

ಕರ್ನಾಟಕವೂ ಆಮೇಲೆ ಎಚ್ಚೆತ್ತುಕೊಂಡಿತು. 2011ರಿಂದ ನಡೆದ 'ವಿಷಯ ಶಿಕ್ಷಕರ ವೇದಿಕೆ'ಯಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರು ತಮ್ಮ ವಿಷಯಕ್ಕೆ ಕಂಪ್ಯೂಟರನ್ನು ಹೇಗೆ ಬಳಸಬೇಕೆಂಬುದನ್ನು ಕಲಿತರು. ಜಿಯೊಜೀಬ್ರಾ ಎಂಬ ತಂತ್ರಾಂಶದಲ್ಲಿ ತ್ರಿಕೋನದ ಮೂಲೆಯೊಂದನ್ನು ಎಳೆದರೆ ಕೋನಗಳು ಬದಲಾಗುತ್ತವೆ, ಮೂರರ ಮೊತ್ತ ಮಾತ್ರ 180 ಡಿಗ್ರಿಯಾಗಿಯೇ ಉಳಿಯುತ್ತದೆ. ಹಲಗೆಯ ಮೇಲೆ ನೂರು ತ್ರಿಕೋನ ಬರೆದು ತೋರಿಸಲಾಗದ್ದನ್ನು ಮಗು ಒಂದು ನಿಮಿಷದಲ್ಲಿ ಕಣ್ಣಾರೆ ಕಾಣುತ್ತದೆ. ಇಂಥ ಪಾಠಗಳನ್ನು ಶಿಕ್ಷಕರೇ ಬರೆದು ಒಟ್ಟುಗೂಡಿಸಿ ಕನ್ನಡದಲ್ಲೂ ದೊರೆಯುವಂತೆ ಮಾಡಿದರು. ಕಂಪ್ಯೂಟರ್ ಕಲಿಸುವುದು ಬೇರೆ, ಕಂಪ್ಯೂಟರಿನಿಂದ ಗಣಿತ ಕಲಿಸುವುದು ಬೇರೆ ಎಂಬ ವಿವೇಕ ಇಲ್ಲಿ ಮೂಡಿತು.

ಆಲದ ಮರದ ಕೆಳಗೆ

2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ 'ಎಜುಸ್ಯಾಟ್' ಉಪಗ್ರಹ ಶ್ರೀಹರಿಕೋಟೆಯಿಂದ ಹಾರಿತು. ಈ ಸಲ ಉಪಗ್ರಹವೂ ನಮ್ಮದು, ರಾಕೆಟ್ಟೂ ನಮ್ಮದು. ಚಾಮರಾಜನಗರ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳಿಗೆ ಅದರ ಪಾಠ ತಲುಪಿಸುವ ಪ್ರಯೋಗ ನಡೆಯಿತು. ಆಕಾಶವಾಣಿಯ 'ಕೇಳಿ ಕಲಿ', 'ಚಿಣ್ಣರ ಚುಕ್ಕಿ'ಯಂಥ ರೇಡಿಯೊ ಪಾಠಗಳೂ ಶಾಲೆಗಳಿಗೆ ಪರಿಚಿತವಾದವು. 2010ರಲ್ಲಿ ಎಜುಸ್ಯಾಟ್ ಉಪಗ್ರಹದ ಆಯುಸ್ಸೂ ಮುಗಿಯಿತು.

ಆಮೇಲೆ 2020 ಬಂತು. ಕೊರೊನಾ ಕಾಯಿಲೆಯಿಂದ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದವು. ಜುಲೈನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಆರಂಭವಾದವು. ಮೊಬೈಲ್ ಇದ್ದವರಿಗೆ ಆನ್‌ಲೈನ್ ಪಾಠ. ಇಲ್ಲದ ಮಕ್ಕಳ ಗತಿ? ಆಗಸ್ಟ್‌ನಲ್ಲಿ ಶುರುವಾದ 'ವಿದ್ಯಾಗಮ'ದಲ್ಲಿ ಸರ್ಕಾರಿ ಶಾಲೆಗಳ ಮೇಷ್ಟ್ರುಗಳೇ ಊರಿಗೆ, ಕೇರಿಗೆ ಹೋಗಿ ಗುಡಿಯ ಜಗುಲಿಯಲ್ಲಿ, ಮರದ ನೆರಳಲ್ಲಿ ಮಕ್ಕಳನ್ನು ಸೇರಿಸಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತಾದರೂ, ಆ ಎರಡು ತಿಂಗಳು ಒಂದು ಮಾತನ್ನು ಸ್ಪಷ್ಟಪಡಿಸಿದವು. ಅತಿ ಹೊಸ ಸಾಧನ ಮುಟ್ಟಲಾರದ ಮಗುವನ್ನು ಮುಟ್ಟಿದ್ದು ಅತಿ ಹಳೆಯ ಸಾಧನ, ಎದುರಿಗೆ ಕುಳಿತ ಮೇಷ್ಟ್ರು. ಅದೇ ಮೇಷ್ಟ್ರಿಗೆ ಮೊಬೈಲಿನಲ್ಲಿ ಪಾಠ ಚಿತ್ರಿಸಿ ಕಳಿಸುವ ವಿದ್ಯೆ ಗೊತ್ತಿದ್ದ ಊರುಗಳಲ್ಲಿ ಮಕ್ಕಳಿಗೆ ಎರಡೂ ದಕ್ಕಿದವು.

ಉಳಿಯುವುದು ಯಾವುದು

ಅದೇ ವರ್ಷ ಬಂದ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ 50 ಗಂಟೆ ವೃತ್ತಿ ವಿಕಾಸದ ಕಲಿಕೆಯಲ್ಲಿ ತೊಡಗಬೇಕೆಂದು ಹೇಳಿದೆ. 2017ರಲ್ಲಿ ಆರಂಭವಾದ 'ದೀಕ್ಷಾ' ಎಂಬ ವ್ಯವಸ್ಥೆಯಲ್ಲಿ ಶಿಕ್ಷಕರು ಮೊಬೈಲಿನಲ್ಲೇ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆಯಬಹುದು. ಒಳ್ಳೆಯದೇ. ಆದರೆ ಗಂಟೆ ಎಣಿಸುವುದು ಸುಲಭ, ಕಲಿಕೆ ಎಣಿಸುವುದು ಕಷ್ಟ. ವಿಡಿಯೊ ಓಡುತ್ತಿರುವಾಗ ಮೇಷ್ಟ್ರು ಜನಗಣತಿಯ ಪಟ್ಟಿಯನ್ನೋ ಬಿಸಿಯೂಟದ ಲೆಕ್ಕವನ್ನೋ ಬರೆಯುತ್ತಿದ್ದರೆ ಪ್ರಮಾಣಪತ್ರಕ್ಕೆ ಅದು ತಿಳಿಯುವುದಿಲ್ಲ. ಅದಕ್ಕೆ ಮೇಷ್ಟ್ರನ್ನು ಬಯ್ದು ಪ್ರಯೋಜನವೂ ಇಲ್ಲ, ಆ ಪಟ್ಟಿಯನ್ನು ಅವರ ಕೈಗೆ ಕೊಟ್ಟವರು ನಾವೇ ತಾನೆ?

ಚರಿತ್ರೆಯಿಂದ ಕಲಿಯಬೇಕಾದದ್ದು ಹೊಸದೇನಲ್ಲ, 1975ರಲ್ಲಿಯೇ ನಮ್ಮ ಉತ್ತರದ ಮೂರು ಜಿಲ್ಲೆಗಳಲ್ಲಿ ಅದು ನಡೆದುಹೋಗಿದೆ. ತರಬೇತಿಯಲ್ಲಿ ನೋಡುವುದರ ಜೊತೆಗೆ ಮಾಡುವುದು ಇರಬೇಕು. ಆಗದಿದ್ದುದನ್ನು ಹೇಳಿಕೊಳ್ಳಲು ಜೊತೆಯವರಿರಬೇಕು. ಕೈಗೆಟಕುವ ಸಾಮಗ್ರಿ ಇರಬೇಕು. ಮೇಷ್ಟ್ರ ಮಾತಿನಲ್ಲಿ, ಮಗುವಿನ ಮಾತಿನಲ್ಲಿ ಇರಬೇಕು. ಒಂದೇ ಸಲಕ್ಕೆ ಮುಗಿಯದೆ ಧಾರವಾಡದ ಪತ್ರಿಕೆಯಂತೆ ಹಳ್ಳಿಯವರೆಗೂ ಬೆನ್ನ ಹಿಂದೆ ಬರುತ್ತಿರಬೇಕು. ಇವೆಲ್ಲಕ್ಕೂ ಮೊದಲು, ಸಾಧನ ಕೊಳ್ಳುವ ಮುಂಚೆಯೇ ಮೇಷ್ಟ್ರನ್ನು ಒಂದು ಮಾತು ಕೇಳಬೇಕು: ನಿಮ್ಮ ತರಗತಿಯಲ್ಲಿ ಯಾವುದು ಕಷ್ಟ?

ಈಗ ಕೃತಕ ಬುದ್ಧಿಮತ್ತೆಯ ಕಾಲ. ಪ್ರಶ್ನೆ ಕೇಳಿದರೆ ಉತ್ತರ ಕೊಡುವ, ಪಾಠಯೋಜನೆಯನ್ನೇ ಬರೆದುಕೊಡುವ ಯಂತ್ರಗಳು ಬಂದಿವೆ. ಮೇಷ್ಟ್ರನ್ನು ದಾಟಿಹೋಗುವ ಆಸೆ ಹಿಂದೆಂದಿಗಿಂತ ಬಲವಾಗಿ ಈಗ ಕಾಡಬಹುದು. ಅಂಥ ಹೊತ್ತಿನಲ್ಲಿ ಎಗ್ಮೋರಿನ ಆ ಎಂಟು ವರ್ಷದ ಹುಡುಗನನ್ನು ನೆನೆಯುವುದು ಒಳ್ಳೆಯದು. ಅವನು ಮರಳಿನ ಮೇಲೆ ಅಕ್ಷರ ಕಲಿಸಿದ್ದು ನಿಜ. ಆದರೆ 'ಇದು ಏಕೆ ಹೀಗೆ?' ಎಂದು ಒಂದು ಮಗು ಕೇಳಿದ್ದರೆ ಅವನು ಏನು ಹೇಳುತ್ತಿದ್ದ? ಆ ಪ್ರಶ್ನೆಗೆ ಉತ್ತರಿಸಬಲ್ಲವರನ್ನು ತಯಾರು ಮಾಡುವುದಕ್ಕಾಗಿಯೇ ನಾವು ಶಿಕ್ಷಕರ ತರಬೇತಿ ಶಾಲೆಗಳನ್ನು ಕಟ್ಟಿದ್ದು. ಬೋಗುಣಿ ತುಕ್ಕು ಹಿಡಿಯುತ್ತದೆ, ಉಪಗ್ರಹ ಹೊರಟುಹೋಗುತ್ತದೆ. ತರಗತಿಯ ಬಾಗಿಲು ತೆರೆದು ಒಳಗೆ ಬರುವವರು ನಾಳೆಯೂ ಮೇಷ್ಟ್ರೇ.